ಮೊಲಗಳು ಓದಲಾರದ ಫಲಕ



ಇಂಗ್ಲೆಂಡಿನ ಹ್ಯಾಂಪ್‌ಶೈರ್ ಪ್ರಾಂತ್ಯದಲ್ಲಿ ವಾಟರ್‌ಶಿಪ್ ಡೌನ್ ಎಂಬ ಹುಲ್ಲುಗುಡ್ಡವಿದೆ. ರಿಚರ್ಡ್ ಆಡಮ್ಸ್ ಅವರ 1972ರ ಕಾದಂಬರಿಗೆ ಆ ಗುಡ್ಡದ್ದೇ ಹೆಸರು. ನೆಲೆ ತೊರೆದ ಕೆಲವು ಮೊಲಗಳು ಹೊಸ ನೆಲೆಯನ್ನರಸುತ್ತ ಅಲ್ಲಿಗೆ ಬಂದು ಸೇರುವುದು ಅದರ ಕಥೆ. ಮಾರ್ಟಿನ್ ರೋಸೆನ್ ಅವರು 1978ರಲ್ಲಿ ಅದನ್ನು ಆನಿಮೇಷನ್ ಚಿತ್ರವನ್ನಾಗಿಸಿದರು.

ನಮ್ಮ ಮಲೆನಾಡಿನ ಮೊಲವು ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲಿ ಮಲಗುತ್ತದೆ. ಕಥೆಯ ಮೊಲ ಬೇರೆ ಜಾತಿಯದು. ಕವಲೊಡೆದ ಬಿಲಗಳಲ್ಲಿ ಗುಂಪಾಗಿ ಬಾಳುವ ಅದಕ್ಕೆ ನೆಲ ಹೋಯಿತೆಂದರೆ ಊರೇ ಹೋದಂತೆ. ಆಡಮ್ಸ್ ಅವರು ಮೊಲಗಳ ಜೀವನವನ್ನು ಕುರಿತ ರೊನಾಲ್ಡ್ ಲಾಕ್ಲಿಯವರ ಗ್ರಂಥವನ್ನು ಆಧಾರವಾಗಿಟ್ಟುಕೊಂಡು ಬರೆದರು. ಅವರ ಮೊಲಗಳು ಮಾತನಾಡುತ್ತವೆ, ಪುರಾಣ ಹೇಳುತ್ತವೆ. ಆದರೆ ಅಂಗಿ ತೊಡುವುದಿಲ್ಲ, ನಾಲ್ಕರಾಚೆಗೆ ಎಣಿಸಲಾರವು.

ಆರಂಭದಲ್ಲಿಯೇ ಸ್ಯಾಂಡಲ್‌ಫರ್ಡ್ ಎಂಬಲ್ಲಿನ ಹೊಲದಂಚಿಗೆ ಫಲಕವೊಂದು ಬಂದು ನಿಲ್ಲುತ್ತದೆ. ಅಲ್ಲಿ ಮನೆಗಳು ಏಳಲಿವೆಯೆಂಬ ಪ್ರಕಟಣೆ ಅದರಲ್ಲಿದೆ. ಮೊಲಗಳಿಗೆ ಓದು ಬಾರದು. ಫೈವರ್ ಎಂಬ ಪುಟ್ಟ ಮೊಲಕ್ಕೆ ಕೇಡಿನ ಸುಳಿವು ಸಿಕ್ಕರೂ ಮುಖಂಡನು ಅದಕ್ಕೆ ಕಿವಿಗೊಡುವುದಿಲ್ಲ. ಆಡಮ್ಸ್ ಅವರೇ ಸರ್ಕಾರದ ವಸತಿ ಇಲಾಖೆಯಲ್ಲಿಯೂ ಬಳಿಕ ಪರಿಸರ ಇಲಾಖೆಯಲ್ಲಿಯೂ ಅಧಿಕಾರಿಯಾಗಿದ್ದವರು. ಇಂತಹ ಫಲಕಗಳ ಭಾಷೆ ಅವರಿಗೆ ಅಪರಿಚಿತವಾಗಿರಲಾರದು!

ಆ ನೆಲೆಯ ನಾಶವನ್ನು ಚಿತ್ರವು ಕಾಣಿಸುವ ಬಗೆ ಅಪೂರ್ವವಾದುದು. ಮುಚ್ಚಿದ ಬಿಲಗಳಲ್ಲಿ ಉಸಿರುಗಟ್ಟಿ ಒಂದರ ಮೇಲೊಂದು ಬಿದ್ದ ಮೊಲಗಳ ದೃಶ್ಯವನ್ನು ಮರೆಯುವುದು ಕಷ್ಟ. ಮಕ್ಕಳ ಚಿತ್ರವೆಂದು ನೋಡಹೋದವರು ಬೆಚ್ಚಿದ್ದರೆ ಆಶ್ಚರ್ಯವಿಲ್ಲ. ಇಲ್ಲಿ ಚಿತ್ರವು ಕಾದಂಬರಿಗೆ ಸರಿಸಮವಾಗಿ ನಿಲ್ಲುತ್ತದೆ.

ಆದರೆ ಕಾದಂಬರಿಯಲ್ಲಿ ಇದಕ್ಕಿಂತಲೂ ಭಯಂಕರವಾದ ಭಾಗವೊಂದಿದೆ. ದಾರಿಯಲ್ಲಿ ಕೌಸ್ಲಿಪ್ ಎಂಬ ಮೊಲದ ನೆಲೆ ಸಿಗುತ್ತದೆ. ಅಲ್ಲಿ ಎಲ್ಲರೂ ಮೈತುಂಬಿಕೊಂಡವರು. ರೈತನೇ ಗಜ್ಜರಿ ತಂದು ಸುರಿಯುತ್ತಾನೆ, ನರಿಗಳನ್ನು ಕೊಲ್ಲುತ್ತಾನೆ. ಸುತ್ತಲೂ ಉರುಲನ್ನೂ ಒಡ್ಡುತ್ತಾನೆ. ಆಗಾಗ ಒಂದು ಮೊಲ ಕಾಣೆಯಾಗುತ್ತದೆ. ಹೋದವರು ಎಲ್ಲಿ ಎಂದು ಕೇಳಕೂಡದೆಂಬುದು ಅಲ್ಲಿನ ಅಲಿಖಿತ ಕಟ್ಟಳೆ. ಹಳೆಯ ಪುರಾಣಗಳಲ್ಲಿಯೂ ಅವರಿಗೆ ಆಸಕ್ತಿಯಿಲ್ಲ. ಮೇವು ಯಾರದೋ, ಬೇಲಿ ಯಾರದೋ ಆದಾಗ ಉಪಾಯದಿಂದ ಬದುಕಿದ ಪೂರ್ವಜನ ಕಥೆ ಯಾರಿಗೆ ಬೇಕು? ಆಡಮ್ಸ್ ಇದಕ್ಕಾಗಿ ಹಲವು ಅಧ್ಯಾಯಗಳನ್ನು ವ್ಯಯಿಸುತ್ತಾರೆ. ಓದುಗನು ಆ ಮೌನದೊಳಗೆ ಮೆಲ್ಲನೆ ಇಳಿಯುತ್ತಾನೆ.

ಚಿತ್ರವಾದರೋ ಈ ಭಾಗವನ್ನು ಅವಸರದಲ್ಲಿ ದಾಟಿಬಿಡುತ್ತದೆ. ಉರುಲಿದೆ, ರಕ್ತವಿದೆ, ಮೌನಕ್ಕೆ ಮಾತ್ರ ಸಮಯ ಸಾಲದು. ಸ್ಟ್ರಾಬೆರಿ ಎಂಬ ಮೊಲವನ್ನಂತೂ ಪೂರ್ಣವಾಗಿ ಕೈಬಿಡಲಾಗಿದೆ. ಕಾದಂಬರಿಯಲ್ಲಿ ತನ್ನ ಸಂಗಾತಿ ಉರುಲಿಗೆ ಸಿಕ್ಕು ಸತ್ತ ಮೇಲೆ, ತನ್ನನ್ನೂ ಕರೆದೊಯ್ಯಿರೆಂದು ಅಲೆಮಾರಿಗಳ ಬೆನ್ನುಹತ್ತಿ ಬರುವವನು ಅವನು. ಕೊಬ್ಬಿದ ಆ ನೆಲೆಯಿಂದ ಹೊರಬಂದವನು ಅವನೊಬ್ಬನೇ. ಅವನಿಲ್ಲದ ಚಿತ್ರದಲ್ಲಿ ಕೌಸ್ಲಿಪ್‌ನ ನೆಲೆ ದಾರಿಯ ಇನ್ನೊಂದು ಅಪಾಯವಾಗಿ ಮಾತ್ರ ಉಳಿಯುತ್ತದೆ. ವಿದ್ಯಾರ್ಥಿಗಳು ಚಿತ್ರವನ್ನು ನೋಡಲಿ. ಆ ಅಧ್ಯಾಯಗಳನ್ನು ಮಾತ್ರ ಪುಸ್ತಕದಲ್ಲಿಯೇ ಓದಬೇಕು.

ಸ್ಯಾಂಡಲ್‌ಫರ್ಡ್ ಕಲ್ಪಿತ ಸ್ಥಳವಲ್ಲ. ನ್ಯೂಬರಿ ಪಟ್ಟಣದ ದಕ್ಷಿಣಕ್ಕಿದೆ. ಕಾದಂಬರಿಯ ಫಲಕದಲ್ಲಿದ್ದುದು ಆರು ಎಕರೆ. ಅದು ಪ್ರಕಟವಾಗಿ ಐವತ್ತು ವರ್ಷ ತುಂಬಿದ 2022ರಲ್ಲಿ, ಅಲ್ಲಿ ಸುಮಾರು ಸಾವಿರ ಮನೆಗಳ ಯೋಜನೆಗೆ ಬ್ರಿಟನ್ ಸರ್ಕಾರದ ಅನುಮತಿ ದೊರೆಯಿತು.