ಮಳೆಗಾಲದ ತತ್ತಿ, ಬೇಸಗೆಯ ತತ್ತಿ

ಮೀನಿನ ಹೊಟ್ಟೆಯೊಳಗಿನ ತತ್ತಿಯನ್ನು ಕುರಿತು ಭಾಷಣ ಮಾಡುವುದೆಂದರೆ ಕೆಲವರಿಗೆ ನಗೆ ಬಂದೀತು. ಮೀನು ತಿನ್ನದವರಿಗೆ ಅದು ಬೇಡದ ವಿಷಯ. ತಿನ್ನುವವರಿಗೆ ತಿಳಿದೇ ಇರುವ ವಿಷಯ. ಆದರೆ ಅಡುಗೆಮನೆಯ ವಿವೇಕವೂ ಕೆರೆಯ ಭವಿಷ್ಯವೂ ಈ ಚಿಕ್ಕ ಪದಾರ್ಥದಲ್ಲಿ ಒಂದಾಗಿ ಸೇರಿರುವುದರಿಂದ, ಶ್ರೋತೃಗಳ ಮುಂದೆ ಇದನ್ನು ಇಡಲು ನನಗೆ ಸಂಕೋಚವಿಲ್ಲ.

ನನ್ನ ಊರು ಹಾವೇರಿ ಜಿಲ್ಲೆಯ ಮಾಸೂರು. ಶಿವಮೊಗ್ಗ ಜಿಲ್ಲೆಯ ಹುಂಚದ ಕಡೆ ಹುಟ್ಟಿ, ಶಿಕಾರಿಪುರದ ಸೀಮೆಯನ್ನು ಹಾದು ಬರುವ ಕುಮುದ್ವತಿಗೆ ವಿಜಯನಗರದ ಕಾಲದಲ್ಲಿ ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದ ಮದಗದ ಕೆರೆ ನಮ್ಮ ಸೀಮೆಯ ಹೆಮ್ಮೆ. ಮುಂಗಾರು ಬಲಿತು ಹೊಸ ನೀರು ಬರುವ ದಿನಗಳಲ್ಲಿಯೇ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಹೊಟ್ಟೆ ತುಂಬಿಕೊಂಡಿರುತ್ತವೆ. ಕೊಯ್ದಾಗ ತೆಳುವಾದ ಪೊರೆಯಲ್ಲಿ ಸುತ್ತಿದ ಎರಡು ಹಳದಿ ಗಡ್ಡೆಗಳು ಕಾಣುತ್ತವೆ. ನಾವು ಅದನ್ನು ತತ್ತಿ ಎನ್ನುತ್ತೇವೆ. ಕಾರವಾರದ ಕಡೆಯ ಕೊಂಕಣಿಗರು ಗಾಬೋಳಿ ಎನ್ನುತ್ತಾರೆ.

ಮೊದಲು ಶುಚಿಯ ಮಾತು. ಕಣ್ಣು ತಿಳಿಯಾಗಿರುವ, ಕಿವಿರು ಕೆಂಪಾಗಿರುವ ಮೀನಿನ ತತ್ತಿಯನ್ನು ಮಾತ್ರ ಬಳಸಬೇಕು. ಹೊಟ್ಟೆ ಸೀಳುವಾಗ ಪಿತ್ತಕೋಶ ಒಡೆಯಬಾರದು. ಒಡೆದರೆ ಎಲ್ಲವೂ ಕಹಿ. ಔಷಧಿಯೆಂದು ಮೀನಿನ ಪಿತ್ತವನ್ನು ನುಂಗುವವರೂ ಉಂಟು. ರೋಹು ಮೊದಲಾದ ಗೆಂಡೆ ಜಾತಿಯ ಹಸಿಪಿತ್ತ ಮೂತ್ರಪಿಂಡಗಳನ್ನೇ ಕೆಡಿಸಬಲ್ಲದು. ಕೆಣಕಿದರೆ ಚೆಂಡಿನಂತೆ ಊದಿಕೊಳ್ಳುವ ಮೀನಿನ ತತ್ತಿಯನ್ನಂತೂ ಮುಟ್ಟಲೇಬಾರದು. ಅದರ ವಿಷ ಬೇಯಿಸಿದರೂ ಹೋಗದು.

ತತ್ತಿಯನ್ನು ಉಪ್ಪು ಬೆರೆಸಿದ ತಣ್ಣೀರಿನಲ್ಲಿ ಪೊರೆ ಹರಿಯದಂತೆ ತೊಳೆದು, ನೆತ್ತರಿನ ಎಳೆಗಳನ್ನು ತೆಗೆಯಬೇಕು. ನೇರವಾಗಿ ಎಣ್ಣೆಗೆ ಹಾಕಿದರೆ ಅದು ಸಿಡಿಯುತ್ತದೆ. ಆದ್ದರಿಂದ ನಾನು ಅರಿಸಿನ, ಉಪ್ಪು ಸವರಿ ಹಬೆಯಲ್ಲಿ ನಡುವಿನವರೆಗೂ ಬೇಯಿಸಿ, ಆರಿದ ಮೇಲೆ ಬಿಲ್ಲೆಗಳಾಗಿ ಕೊಯ್ದು ಹುರಿಯುತ್ತೇನೆ. ಜೋಳದ ರೊಟ್ಟಿಗೆ ಅದಕ್ಕಿಂತ ಒಳ್ಳೆಯ ಜೊತೆಯನ್ನು ನಾನು ಕಾಣೆ.

ಉಪ್ಪು ಹಾಕಿ ಒಣಗಿಸಿ ಇಡುವುದು ಇನ್ನೊಂದು ಕ್ರಮ. ಇಲ್ಲಿ ಒಂದು ತೊಡಕಿದೆ. ತತ್ತಿ ಹೇರಳವಾಗಿರುವ ಆಷಾಢ, ಶ್ರಾವಣಗಳಲ್ಲಿ ನಮ್ಮಲ್ಲಿ ಬಿಸಿಲಿರುವುದಿಲ್ಲ. ಬಿಸಿಲು ಬಂದಾಗ ಈ ಮೀನುಗಳಲ್ಲಿ ತತ್ತಿಯಿರುವುದಿಲ್ಲ. ತೇವದ ಗಾಳಿಯಲ್ಲಿ ಒಣಗಿಸಲು ಹೋದರೆ ಬೂಷ್ಟು ಖಂಡಿತ. ಈ ತೊಡಕನ್ನು ಬಿಡಿಸುವುದು ಇನ್ನೊಂದು ಮೀನು, ಸಾಮಾನ್ಯ ಗೆಂಡೆ. ನಮ್ಮ ಕೆರೆಗಳಲ್ಲಿ ಈಗ ಕಾಣುವ ತಳಿ 1957ರಲ್ಲಿ ಬ್ಯಾಂಕಾಕಿನಿಂದ ಭಾರತಕ್ಕೆ ಬಂದದ್ದು. ಅದು ನಿಂತ ನೀರಿನಲ್ಲಿಯೇ ಕಳೆಗಿಡಗಳಿಗೆ ಅಂಟುವಂಥ ತತ್ತಿಯಿಡುತ್ತದೆ. ಮಳೆಗಾಲದಲ್ಲಿ ಮಾತ್ರವಲ್ಲ, ಜನವರಿಯಿಂದ ಮಾರ್ಚಿನವರೆಗೂ ಇಡುತ್ತದೆ. ಆಗ ನಮ್ಮ ಬಯಲಿನಲ್ಲಿ ಬಿಸಿಲಿಗೆ ಬರವಿಲ್ಲ.

ಹೆಬ್ಬೆರಳಿಗಿಂತ ದಪ್ಪವಾದ ಗಡ್ಡೆಯನ್ನು ಉದ್ದಕ್ಕೆ ಸೀಳಿ, 100 ಗ್ರಾಂ ತತ್ತಿಗೆ 20 ಗ್ರಾಂನಂತೆ ಉಪ್ಪು ಹಾಕಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಡಬೇಕು. ಬಿಟ್ಟ ನೀರನ್ನು ಬಸಿದು, ಎರಡು ಹಲಗೆಗಳ ನಡುವೆ ಹಗುರವಾಗಿ ಒತ್ತಿ, ತೆಳುಬಟ್ಟೆ ಮುಚ್ಚಿ ಬಿಸಿಲಿಗಿಡಬೇಕು; ಸಂಜೆಗೆ ಒಳಗೆ ತರಬೇಕು. ಕೊಯ್ದಾಗ ನಡುವಿನಲ್ಲಿಯೂ ಪಸೆಯಿರದೆ ಗಟ್ಟಿಯಾಗಿದ್ದರೆ ಹದ ಬಂದಿತೆಂದು ತಿಳಿಯಬೇಕು. ಇದನ್ನು ಕೆಂಡದ ಮೇಲೆ ಚೆನ್ನಾಗಿ ಸುಟ್ಟು, ಬ್ಯಾಡಗಿ ಮೆಣಸಿನಕಾಯಿ, ಬಳ್ಳುಳ್ಳಿಯೊಡನೆ ಒರಳಿನಲ್ಲಿ ಕುಟ್ಟಿದರೆ ಚಟ್ನಿಪುಡಿಯಾಗುತ್ತದೆ. ಗುಲಾಬಿ ಬಣ್ಣದ ಕಲೆ ಅಥವಾ ಲೋಳೆ ಕಂಡರೆ ಚೆಲ್ಲಿಬಿಡಬೇಕು. ಅರೆ ಒಣಗಿದ್ದನ್ನು ಎಣ್ಣೆಯಲ್ಲಿ ಮುಳುಗಿಸಿ, ಬಿಗಿಯಾಗಿ ಮುಚ್ಚಿ ಹೊರಗಿಡುವುದು ಅಪಾಯ. ಗಾಳಿಯಾಡದ ಕಡೆ ಬೆಳೆಯುವ ರೋಗಾಣುವಿನ ವಿಷ ಪ್ರಾಣಾಂತಿಕವಾದುದು.

ಇನ್ನು ಕೆರೆಯ ಮಾತು. ಹೆಣ್ಣು ರೋಹುವಿನ ಮೈತೂಕದ ಪ್ರತಿ ಕಿಲೋಗೆ ಸುಮಾರು 2 ಲಕ್ಷ ತತ್ತಿಗಳಿರುತ್ತವೆ. ಆದರೆ ಕಾಟ್ಲಾ, ರೋಹುಗಳು ನಿಂತ ನೀರಿನಲ್ಲಿ ಸಾಮಾನ್ಯವಾಗಿ ತತ್ತಿಯಿಡುವುದಿಲ್ಲ. ಅವಕ್ಕೆ ಹರಿಯುವ ಹೊಸ ನೀರು ಬೇಕು. 1957ರಲ್ಲಿ ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಮೀನುಗಳಿಂದ ತತ್ತಿಯಿಡಿಸಿದ ಮೇಲೆಯೇ ಕೆರೆಗಳಿಗೆ ಬೇಕಾದ ಮರಿಗಳು ಸುಲಭವಾಗಿ ದೊರೆಯತೊಡಗಿದವು. ಹೊಳೆಯ ನಂಟಿಲ್ಲದ ಕಟ್ಟೆಯಲ್ಲಿ ಬೆಳೆದ ರೋಹುವಿನ ತತ್ತಿ ಎಂದೂ ಮರಿಯಾಗದು. ಕೊನೆಗೆ ಅದರ ಮೈಯೊಳಗೇ ಕರಗುತ್ತದೆ. ಅದನ್ನು ತಿಂದರೆ ನೀರಿಗೆ ನಷ್ಟವಿಲ್ಲ. ಮೊದಲ ಪ್ರವಾಹಕ್ಕೆ ಎದುರಾಗಿ ಹಳ್ಳವನ್ನೇರುವ ಮೀನಿನ ಮಾತು ಬೇರೆ. ಮಲೆನಾಡಿನವರು ಹತ್ತುಮೀನು ಎನ್ನುವ ಆ ಮೀನಿನ ಹೊಟ್ಟೆಯಲ್ಲಿರುವುದು ಮುಂದಿನ ವರ್ಷಗಳ ಮೀನು.

ಈ ಮಾತನ್ನು ನಾನು ಸಂತೆಯಲ್ಲಿ ಮೀನು ಮಾರುವ ತಾಯಿಯೊಬ್ಬಳಿಗೆ ಹೇಳಿದಾಗ ಆಕೆ, “ನಾವು ಬಿಟ್ರ ಮುಂದಿನೂರಿನವ್ರು ಬಿಡ್ತಾರೇನ್ರಿ ಅಕ್ಕಾರ? ಮಳಿಗಾಲ್ದಾಗ ನಮ್ಮ ಹೊಟ್ಟಿಗೇನ್ರಿ?” ಎಂದು ಕೇಳಿದಳು. ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಹಿಡಿಯುವವರಿಗೆ ಮಾತ್ರ ಉಪದೇಶ ಮಾಡಿ, ಕೊಳ್ಳುವವರು ತತ್ತಿಮೀನನ್ನೇ ಆರಿಸುತ್ತ ನಿಂತರೆ ಕೆರೆ ಉಳಿಯದು. ಕೊಳ್ಳುವವರ ನಾಲಗೆ ಎಲ್ಲಿಯವರೆಗೆ ತಲುಪೀತೆಂಬುದಕ್ಕೆ ಕ್ಯಾಸ್ಪಿಯನ್ ಸಮುದ್ರವೇ ಸಾಕ್ಷಿ. ಕ್ಯಾವಿಯರ್ ಎಂಬ ಉಪ್ಪಿನ ತತ್ತಿಗಾಗಿ ಸ್ಟರ್ಜನ್ ಮೀನನ್ನು ಕೊಂದದ್ದು ಎಷ್ಟೆಂದರೆ, 1998ರಿಂದ ಆ ವರ್ಗದ ಎಲ್ಲ ಜಾತಿಗಳ ವ್ಯಾಪಾರವನ್ನು ಅಂತರರಾಷ್ಟ್ರೀಯ ಒಪ್ಪಂದದ ಹತೋಟಿಗೆ ತರಬೇಕಾಯಿತು.

ಆದುದರಿಂದ ನಮ್ಮ ಮನೆಯಲ್ಲಿ ನಾನೊಂದು ಕಟ್ಟಳೆ ಇಟ್ಟುಕೊಂಡಿದ್ದೇನೆ. ಮುಂಗಾರಿನಲ್ಲಿ ಹಳ್ಳದ ಮೀನನ್ನು ಕೊಳ್ಳುವುದಿಲ್ಲ. ಸಾಕಿದ ಕಟ್ಟೆಯ ಮೀನನ್ನು ಕೇಳಿ ಕೊಳ್ಳುತ್ತೇನೆ, ಅದಕ್ಕೆ ಎರಡು ರೂಪಾಯಿ ಹೆಚ್ಚಾದರೂ ಕೊಡುತ್ತೇನೆ. ಡಬ್ಬಿ ತುಂಬಿಡುವ ತತ್ತಿಯನ್ನು ಬೇಸಗೆಯ ಸಾಮಾನ್ಯ ಗೆಂಡೆಯಿಂದಲೇ ಮಾಡುತ್ತೇನೆ. ಶ್ರೋತೃಗಳಲ್ಲಿ ಮೀನು ಕೊಳ್ಳುವವರು ಮುಂದಿನ ಸಂತೆಯಲ್ಲಿ ಬೆಲೆಯನ್ನು ಕೇಳುವ ಮೊದಲು “ಇದು ಯಾವ ನೀರಿನ ಮೀನು?” ಎಂದು ಕೇಳಬೇಕೆಂಬುದಷ್ಟೇ ನನ್ನ ವಿನಂತಿ.