ಹಳೆಯ ಟ್ರ್ಯಾಕ್ಟರಿಗೆ ಹೊಸ ವಾರಂಟಿ ಕೊಳ್ಳಬೇಕೆ?



ಭರತ ಹುಣ್ಣಿಮೆಯ ಮೈಲಾರ ಜಾತ್ರೆಗೆ ಹಿಂದೆ ಎತ್ತಿನ ಗಾಡಿಗಳ ಸಾಲೇ ಬರುತ್ತಿತ್ತು. ಈಗ ಅವುಗಳ ಸಂಗಡ ಟ್ರ್ಯಾಕ್ಟರುಗಳೂ ಬರುತ್ತವೆ. ಒಂದು ಜಾತ್ರೆಯಲ್ಲಿ ನಾನು ಡೆಂಕನಮರಡಿಯ ಮಗ್ಗುಲಿಗೆ ನಿಂತಿದ್ದಾಗ, ಪರಿಚಯದ ಹಿರಿಯ ರೈತರೊಬ್ಬರು ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ಕೈಗಿತ್ತರು.

"ಇದನ್ನ ಸ್ವಲ್ಪ ಓದಿ ಹೇಳ್ರಿ ಸಾಹೇಬ್ರ. ಹತ್ತೊಂಬತ್ತು ಸಾವಿರ ಕೊಟ್ರ ಎರಡು ವರ್ಷ ಟ್ರ್ಯಾಕ್ಟರಿನ ಚಿಂತೀನ ಇಲ್ಲ ಅಂತಾರ. ಕೊಡ್ಲೋ, ಬ್ಯಾಡೋ?"

ಅವರದು ಏಳು ವರ್ಷದ ಟ್ರ್ಯಾಕ್ಟರು. ಕಂಪನಿ ಕೊಟ್ಟ ಮೂಲ ವಾರಂಟಿ ಎಂದೋ ಮುಗಿದಿದೆ. ತಮ್ಮ ಆರು ಎಕರೆಯ ಜೊತೆಗೆ ಊರವರ ಹೊಲಗಳನ್ನೂ ಬಾಡಿಗೆಗೆ ಹರಗಿಕೊಟ್ಟು ಅವರ ಸಂಸಾರ ನಡೆಯುತ್ತದೆ. ಮೆಕ್ಕೆಜೋಳ ಬಿತ್ತುವ ಹದದಲ್ಲಿ ಗಾಡಿ ನಿಂತರೆ ಆ ವರ್ಷದ ಬಾಡಿಗೆಯೇ ಹೋಯಿತು. ಆದ್ದರಿಂದ ಅವರ ಚಿಂತೆ ಸುಳ್ಳಲ್ಲ.

ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕಕ್ಕೆ ಮಳೆ, ಬೆಳೆ, ರಾಜಕೀಯ ಎಂದು ನಾವು ನೂರು ಅರ್ಥ ಮಾಡಬಹುದು. ವಾರಂಟಿ ಕಾಗದಕ್ಕೆ ಹಾಗೆ ಮಾಡಲಾಗದು. ಅಲ್ಲಿ ಬರೆದದ್ದಷ್ಟೇ ಲೆಕ್ಕ; ಮಾರಲು ಬಂದವರು ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಓದಿದೆವು. ಎಂಜಿನ್ನು, ಗೇರ್ ಬಾಕ್ಸು, ಹೈಡ್ರಾಲಿಕ್ಕು, ಸೆಲ್ಫ್ ಮೋಟಾರು, ನೀರಿನ ಪಂಪು, ಇವುಗಳ ಒಳಗಿನ ಭಾಗ ತಾನಾಗಿ ಕೆಟ್ಟರೆ ಬದಲಿಸಿ ಕೊಡುತ್ತಾರೆ. ಟೈರು, ಬ್ಯಾಟರಿ, ಕ್ಲಚ್ ಪ್ಲೇಟು, ಬ್ರೇಕು, ನಾಝಲ್ಲು, ಬೆಲ್ಟು, ರಬ್ಬರು ಪೈಪು ಸೇರುವುದಿಲ್ಲ. ಸವೆತ ಸೇರುವುದಿಲ್ಲ. ವಾರಂಟಿ ಮಾಡಿಸುವ ಮೊದಲೇ ಇದ್ದ ದೋಷವೂ ಸೇರುವುದಿಲ್ಲ. ಹೊತ್ತುಹೊತ್ತಿಗೆ ಕಂಪನಿಯ ವರ್ಕ್‌ಶಾಪಿನಲ್ಲೇ ಆಯಿಲು ಬದಲಿಸಿ ರಸೀತಿ ಇಟ್ಟಿರಬೇಕು. ಎರಡು ವರ್ಷ ಅಥವಾ ಮೀಟರಿನಲ್ಲಿ ಇಷ್ಟು ತಾಸು, ಯಾವುದು ಮೊದಲು ತುಂಬುತ್ತದೋ ಅಲ್ಲಿಗೆ ಮುಗಿಯಿತು. ಬಾಡಿಗೆಗೆ ಓಡಿಸುವವರಿಗೆ ತಾಸೇ ಮೊದಲು ತುಂಬುತ್ತದೆ ಎಂಬುದನ್ನು ಮರೆಯಬೇಡಿ.

"ಯಜಮಾನ್ರೇ, ರಿಪೇರಿ ಲೆಕ್ಕ ಬರೆದಿಟ್ಟೀರಾ?" ಅಂದೆ. ಪುಣ್ಯಕ್ಕೆ ಮಗ ಬರೆದಿಟ್ಟಿದ್ದ. ಮೂರು ವರ್ಷದ ಖರ್ಚು ಹೀಗಿತ್ತು: ಹಿಂದಿನ ಜೋಡಿ ಟೈರು 38,000 ರೂಪಾಯಿ, ಕ್ಲಚ್ ಪ್ಲೇಟು ಕೂಲಿ ಸಹಿತ 12,000, ಬ್ಯಾಟರಿ 7,000, ಸೆಲ್ಫ್ ಮೋಟಾರು 4,500, ನಾಝಲ್ ಕೆಲಸ 3,700, ನೀರಿನ ಪಂಪು 2,800. ಒಟ್ಟು 68,000. ಇದರಲ್ಲಿ ಆ ಕಾಗದದ ಪ್ರಕಾರ ಸಿಗುತ್ತಿದ್ದುದು ಸೆಲ್ಫ್ ಮತ್ತು ಪಂಪಿನದು ಮಾತ್ರ, 7,300 ರೂಪಾಯಿ. ಮೂರು ವರ್ಷದಲ್ಲಿ ಇಷ್ಟು ಸಿಗುವುದಕ್ಕೆ, ಎರಡು ವರ್ಷಕ್ಕೆ 19,000 ಕೊಡಬೇಕಿತ್ತು!

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಲ್ಲಗೆ ಅಂದರು: "ಗೇರ್ ಬಾಕ್ಸಿನ್ಯಾಗ ಒಂದು ತಿಂಗಳಿಂದ ಸದ್ದು ಬರಾಕ ಹತ್ತೇತ್ರಿ. ಅದಕ್ಕ ಮಾಡಿಸೋಣು ಅಂತಿದ್ದೆ."

ಒಳಗಿನ ಸಂಗತಿ ಇದು! ಹೇಳಿ ಮಾಡಿಸಿದರೆ ಆ ದೋಷವನ್ನು ಬಿಟ್ಟು ಬರೆದುಕೊಳ್ಳುತ್ತಾರೆ. ಮುಚ್ಚಿಟ್ಟು ಮಾಡಿಸಿದರೆ, ಬಿಚ್ಚಿದ ದಿನ ಹಲ್ಲು ಸವೆದದ್ದು ನೋಡಿದ ಮೆಕ್ಯಾನಿಕ್ಕಿಗೆ ಹಳೆಯ ದೋಷವೆಂದು ತಿಳಿಯದೆ ಇರದು. ಹಣವೂ ಹೋಯಿತು, ಗೇರ್ ಬಾಕ್ಸೂ ಹೋಯಿತು. ಇನ್ನೊಂದು ಮಾತು. ವಾರಂಟಿ ಇದ್ದರೂ ಗಾಡಿ ನಿಂತ ದಿನಗಳ ಬಾಡಿಗೆಯನ್ನು ಆ ಕಾಗದ ಕೊಡುವುದಿಲ್ಲ.

ಹಾಗಾದರೆ ಯಾರಿಗೂ ಬೇಡವೆ? ಹಾಗೇನಿಲ್ಲ. ಮೂಲ ವಾರಂಟಿ ಇನ್ನೂ ಚಾಲ್ತಿಯಲ್ಲಿದ್ದು, ಸಾಲದ ಕಂತು ಬಾಕಿಯಿದ್ದು, ಎಂಜಿನ್ನು ಒಮ್ಮೆ ಬಿಚ್ಚಿಸುವ ಖರ್ಚು ಬಂದರೆ ಬಡ್ಡಿ ಸಾಹುಕಾರರ ಮನೆಗೇ ಹೋಗಬೇಕಾದಂಥವರು, ತಯಾರಿಸಿದ ಕಂಪನಿಯೇ ಬರೆದುಕೊಡುವುದಾದರೆ ಕೊಳ್ಳಬಹುದು. ಬೇರೊಂದು ಸಂಸ್ಥೆ ಬರೆದುಕೊಡುವುದಾದರೆ ಹಣ ಕೊಡುವವರು ಯಾರು, ಅವರ ವರ್ಕ್‌ಶಾಪು ಎಲ್ಲಿದೆ, ಒಂದು ಸಲಕ್ಕೆ ಎಷ್ಟರವರೆಗೆ ಕೊಡುತ್ತಾರೆ, ಕೂಲಿ ಸೇರಿದೆಯೋ ಇಲ್ಲವೋ ಎಂದು ಕೇಳಿ ಬರೆಸಿಕೊಳ್ಳಬೇಕು. ಹಳೆ ಗಾಡಿ ಕೊಳ್ಳುವವರು, ಮೊದಲಿನ ಮಾಲೀಕರ ವಾರಂಟಿ ತಮ್ಮ ಹೆಸರಿಗೆ ಬರುತ್ತದೆಯೇ ಎಂದೂ ವಿಚಾರಿಸಿ. ಜಲ್ಲಿ, ಮರಳು ಹೇರಿದರೆ ವಾರಂಟಿ ರದ್ದು ಎಂಬ ಸಾಲು ಇದೆಯೋ ಹುಡುಕಿ ನೋಡಿ. ಅದು ಸಣ್ಣ ಅಕ್ಷರದಲ್ಲಿರುತ್ತದೆ.

ಕೆಲವರು ವಿಮೆಯನ್ನೂ ವಾರಂಟಿಯನ್ನೂ ಒಂದೇ ಎಂದು ತಿಳಿದಿದ್ದಾರೆ. ಮೂರನೆಯವರಿಗೆ ಆಗುವ ಹಾನಿಯ ವಿಮೆ 1988ರ ಮೋಟಾರು ವಾಹನ ಕಾಯ್ದೆಯಂತೆ ಕಡ್ಡಾಯ, ಅದನ್ನು ಬಿಡುವಂತಿಲ್ಲ. ಹೆಚ್ಚುವರಿ ವಾರಂಟಿ ನಿಮ್ಮ ಇಷ್ಟ. ಅದು ಇಲ್ಲದಿದ್ದರೆ ಗಾಡಿ ಕೊಡುವುದಿಲ್ಲವೆಂದು ಯಾರಾದರೂ ಅಂದರೆ ನಂಬಬೇಡಿ.

ವಾರಂಟಿ ಕೊಂಡ ಮೇಲೆ, ಬರೆದದ್ದನ್ನು ನಡೆಸಿಕೊಡದಿದ್ದರೆ 1915ಕ್ಕೆ ಫೋನು ಮಾಡಿ ದೂರು ಕೊಡಬಹುದು. ಅದಕ್ಕೂ ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಬಾಡಿಗೆಗೆ ಓಡಿಸಿದಿರಿ, ನೀವು ವ್ಯಾಪಾರಿ ಎಂದು ಎದುರಿನವರು ವಾದಿಸಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರು ಗ್ರಾಹಕರೇ ಎಂದು ಅದೇ ಕಾಯ್ದೆ ಹೇಳುತ್ತದೆ. ರಸೀತಿಗಳನ್ನು ಮಾತ್ರ ಇಲಿ ತಿನ್ನದಂತೆ ಇಟ್ಟುಕೊಳ್ಳಿ.

ನಮ್ಮ ಯಜಮಾನರು ಆ ಕಾಗದಕ್ಕೆ ಸಹಿ ಹಾಕಲಿಲ್ಲ. ಯುಗಾದಿಗೆ ಮುಂಚೆ, ಕೆಲಸ ಕಡಿಮೆಯಿದ್ದಾಗ, ಹೊಳೆಯಾಚೆಯ ರಾಣೆಬೆನ್ನೂರಿಗೆ ಒಯ್ದು ಗೇರ್ ಬಾಕ್ಸು ಬಿಚ್ಚಿಸಿದರು. ಹೋಗಿದ್ದುದು ಒಂದು ಬೇರಿಂಗು. ಸದ್ದು ಇನ್ನೊಂದು ಹಂಗಾಮು ಮುಂದುವರಿದಿದ್ದರೆ ಗೇರಿನ ಹಲ್ಲನ್ನೂ ತಿನ್ನುತ್ತಿತ್ತು. ಈಗ ತಿಂಗಳಿಗೆ 800 ರೂಪಾಯಿಯಂತೆ ಅಂಚೆ ಕಚೇರಿಯ ಉಳಿತಾಯ ಖಾತೆಗೆ ಹಾಕುತ್ತಿದ್ದಾರೆ. ಎರಡು ವರ್ಷಕ್ಕೆ 19,200 ಆಗುತ್ತದೆ. ಅದರಲ್ಲಿ ಟೈರನ್ನೂ ಕೊಳ್ಳಬಹುದು, ಕ್ಲಚ್ಚನ್ನೂ ಹಾಕಿಸಬಹುದು.

ನಿಮ್ಮಲ್ಲಿಯೂ ಇಂಥ ಕಾಗದ ಬಂದಿದ್ದರೆ, ಸಹಿ ಹಾಕುವ ಮೊದಲು ಅದನ್ನೂ ರಿಪೇರಿ ಲೆಕ್ಕದ ಪುಸ್ತಕವನ್ನೂ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತನ್ನಿರಿ. ಕೂತು ಓದೋಣ.