ಬಿ.ಎಂ.ಸಿ. ಕೇಂದ್ರದ ಕ್ಯಾಮೆರಾ
(ಬಿ.ಎಂ.ಸಿ. ಇರುವ ಸಂಘಗಳ ಪದಾಧಿಕಾರಿಗಳು ಮತ್ತು ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಸಂಜೆ ತಾವು ಹಾಕಿದ ಹಾಲು ಟ್ಯಾಂಕರ್ ಬರುವವರೆಗೆ ಬಿ.ಎಂ.ಸಿ.ಯಲ್ಲಿ 4 ಡಿಗ್ರಿಯಲ್ಲಿರಬೇಕು. ರಾತ್ರಿ ಕಂಪ್ರೆಸರ್ ನಿಂತು ಉಷ್ಣಾಂಶ ಏರಿದರೆ ಕೆಡುವುದು ಒಬ್ಬರ ಹಾಲಲ್ಲ, ಊರಿನ ಹಾಲೆಲ್ಲ. ಉಷ್ಣಾಂಶ ತೋರಿಸುವ ಫಲಕದ ಎದುರು ನೆಟ್‌ವರ್ಕ್ ಕ್ಯಾಮೆರಾ ಇಡಬೇಕೆನ್ನುವುದು ಇದಕ್ಕಾಗಿಯೇ. ಉಪಾಯ ಹೊಸದೇನಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ವಿಭಾಗದವರು 1991ರಲ್ಲಿ ಕಾಫಿ ಪಾತ್ರೆಯ ಎದುರು ಕ್ಯಾಮೆರಾ ಇಟ್ಟರು. ಪಾತ್ರೆ ಬರಿದಾಗಿದ್ದರೆ ಸುಮ್ಮನೆ ಅಲ್ಲಿಗೆ ನಡೆಯುವುದು ತಪ್ಪಲೆಂದು! 1993ರಿಂದ 2001ರವರೆಗೆ ಆ ಚಿತ್ರವನ್ನು ಅಂತರ್ಜಾಲದಲ್ಲಿ ಜಗತ್ತೇ ನೋಡಿತು. ಅವರದು ಕಾಫಿ, ನಮ್ಮದು ಕಾಫಿಗೆ ಹಾಕುವ ಹಾಲು, ಅಷ್ಟೇ.

ಡೈರಿಯವರು ತಮ್ಮ ಕೊಟ್ಟಿಗೆಗೆ ಬಂದು ಹಾಲು ಒಯ್ಯುವುದಿಲ್ಲ, ತಾವೇ ತಂದು ಹಾಕುತ್ತೀರಿ. ಇಲ್ಲಿಯೂ ಹಾಗೆಯೇ. ಸಿಮ್ ಕಾರ್ಡಿನ ಇಂಟರ್‌ನೆಟ್‌ನಲ್ಲಿ ಹೊರಗಿನಿಂದ ಕ್ಯಾಮೆರಾವನ್ನು ನೇರವಾಗಿ ತಲುಪುವುದು ಕಷ್ಟ. ಆದ್ದರಿಂದ ಕ್ಯಾಮೆರಾವೇ ಚಿತ್ರ ತೆಗೆದು ಸರ್ವರಿಗೆ ಹಾಕಬೇಕು. ಈ ವಿಧಾನಕ್ಕೆ ಎಫ್.ಟಿ.ಪಿ. ಎನ್ನುತ್ತಾರೆ.

ಕ್ಯಾಮೆರಾದ ಸೆಟ್ಟಿಂಗ್ ಪುಟದಲ್ಲಿ ಸರ್ವರಿನ ವಿಳಾಸ, ಪೋರ್ಟ್ 21, ಬಳಕೆದಾರರ ಹೆಸರು, ಪಾಸ್‌ವರ್ಡ್, ಫೋಲ್ಡರಿನ ಹೆಸರು ತುಂಬಿರಿ. 'ಪ್ಯಾಸಿವ್' ಎಂಬ ಆಯ್ಕೆಯನ್ನೇ ಇಡಿ. ನಂತರ 'ಟೆಸ್ಟ್' ಒತ್ತಿ. ವಿಫಲವೆಂದು ಬಂದರೆ ಆ ಫೋಲ್ಡರ್ ಸರ್ವರಿನಲ್ಲಿ ಇದೆಯೇ, ಅದರಲ್ಲಿ ಬರೆಯಲು ಅನುಮತಿ ಇದೆಯೇ ಎಂದು ಮೊದಲು ನೋಡಿ. 5 ನಿಮಿಷಕ್ಕೊಂದು ಚಿತ್ರ ಸಾಕು. ದಿನಕ್ಕೆ 288 ಚಿತ್ರ. ಒಂದಕ್ಕೆ 100 ಕೆ.ಬಿ. ಎಂದರೂ 29 ಎಂ.ಬಿ. ಮೀರದು. ರಾತ್ರಿ ಕ್ಯಾಮೆರಾದ ಅವಕೆಂಪು ದೀಪ ಫಲಕದ ಗಾಜಿಗೆ ಬಡಿದು ಅಂಕಿ ಕಾಣದಂತಾಗಬಹುದು. ಅದನ್ನು ಆರಿಸಿ, ಕೋಣೆಯಲ್ಲಿ ಸಣ್ಣ ಬಲ್ಬು ಉರಿಯಲಿ.

ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಅಂದೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಂ ಲಕ್ಷಾಂತರ ಉಪಕರಣಗಳನ್ನು ವಶಮಾಡಿಕೊಂಡಿತು. ಅವುಗಳಲ್ಲಿ ಕ್ಯಾಮೆರಾಗಳೂ ಬಹಳ ಇದ್ದವು. ದಾರಿಯಾದದ್ದು ಬದಲಿಸದೆ ಬಿಟ್ಟ ಪಾಸ್‌ವರ್ಡುಗಳೇ. ಸಾದಾ ಎಫ್.ಟಿ.ಪಿ.ಯಲ್ಲಿ ಪಾಸ್‌ವರ್ಡ್ ಮರೆಯಿಲ್ಲದೆ ಹೋಗುತ್ತದೆ. ಎಫ್.ಟಿ.ಪಿ.ಎಸ್. ಇದ್ದರೆ ಅದನ್ನು ಆರಿಸಿ. ಸಂಘದ ಬ್ಯಾಂಕ್ ಪಾಸ್‌ವರ್ಡ್ ಮಾತ್ರ ಇಲ್ಲಿ ಖಂಡಿತ ಬೇಡ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ವೆಬ್ ಪುಟಕ್ಕೆ ಸಾಮಾನ್ಯವಾಗಿ ಒಂದೇ ಹೆಸರಿನಲ್ಲಿ ಚಿತ್ರ ಕಳುಹಿಸುತ್ತೇವೆ. ಹೊಸದು ಬಂದಾಗ ಹಳೆಯದು ಅಳಿಯುತ್ತದೆ. ಹೊಸದು ಬಾರದಿದ್ದರೆ? ಹಳೆಯದೇ ನಿಲ್ಲುತ್ತದೆ. ರಾತ್ರಿ 11ಕ್ಕೆ ಕರೆಂಟು ಹೋಗಿ ಬಿ.ಎಂ.ಸಿ.ಯೂ ಕ್ಯಾಮೆರಾವೂ ನಿಂತವೆನ್ನಿ. 2 ಗಂಟೆಗೆ ಕಾರ್ಯದರ್ಶಿಯವರು ಎದ್ದು ಮೊಬೈಲಿನಲ್ಲಿ ನೋಡಿದರೆ ಫಲಕದಲ್ಲಿ 4 ಡಿಗ್ರಿ! ಅವರು ನೆಮ್ಮದಿಯಿಂದ ಮಲಗುತ್ತಾರೆ, ಇತ್ತ ಹಾಲು ಹುಳಿಯಾಗುತ್ತಿರುತ್ತದೆ. ಇಂಥ ಚಿತ್ರಕ್ಕಿಂತ ಚಿತ್ರವೇ ಇಲ್ಲದಿರುವುದು ಲೇಸು.

ಆದುದರಿಂದ ಚಿತ್ರದ ಮೇಲೆಯೇ ದಿನಾಂಕ, ಸಮಯ ಮೂಡುವಂತೆ ಮಾಡಿ. ಗಡಿಯಾರವನ್ನು ಇಂಟರ್‌ನೆಟ್ ಸಮಯಕ್ಕೆ ಜೋಡಿಸಿ, ಭಾರತದ 5-30 ವಲಯ ಆರಿಸಿ. ಗ್ರೀನ್‌ವಿಚ್ ಸಮಯವೇ ಉಳಿದರೆ ರಾತ್ರಿ 10ರ ಚಿತ್ರ ಸಂಜೆ 4-30 ಎನ್ನುತ್ತದೆ. 15 ನಿಮಿಷ ಹೊಸ ಚಿತ್ರ ಬಾರದಿದ್ದರೆ ಕಾರ್ಯದರ್ಶಿಯವರ ಜೊತೆಗೆ ಇನ್ನೊಬ್ಬರ ಫೋನಿಗೂ ಸಂದೇಶ ಹೋಗುವ ಏರ್ಪಾಡನ್ನು ಸರ್ವರ್ ನೋಡಿಕೊಳ್ಳುವವರಿಂದ ಮಾಡಿಸಿ. ಕ್ಯಾಮೆರಾಕ್ಕೆ ಯು.ಪಿ.ಎಸ್. ಕೊಟ್ಟು ರೂಟರಿಗೆ ಕೊಡದಿದ್ದರೆ ಚಿತ್ರ ಕೋಣೆಯಲ್ಲೇ ಉಳಿಯುತ್ತದೆ. ಎರಡಕ್ಕೂ ಕೊಡಿ.

ಜೋಡಣೆ ಮುಗಿದ ದಿನವೇ, ಬಿ.ಎಂ.ಸಿ. ಖಾಲಿ ಇರುವಾಗ, ಕ್ಯಾಮೆರಾದ ಪ್ಲಗ್ ಕಿತ್ತು ಕಾಲು ಗಂಟೆ ಕಾಯಿರಿ. ಎರಡೂ ಫೋನುಗಳಿಗೆ ಸಂದೇಶ ಬಂದ ಮೇಲೆಯೇ ಬಿಲ್ಲು ಪಾವತಿ ಮಾಡಿರಿ.